‘ಕಾಯಿಲೆ’ ಇದ್ದಲ್ಲಿ ‘ಕುಣಿತ’ ಎಂದು ಓದಿಕೊಳ್ಳಿ

ಫೆಬ್ರವರಿ ೩, ಮಂಗಳವಾರ

ಅಕ್ಕನಿಗೆ,

ಮಾರಾಟದವರ ಕರೆಗಳ ಕಾಟ ತಾಳಲಾರದೆ ನೀನು ಫೋನು ತೆಗೆಸಿದ ಮೇಲೆ ನಮಗೆ ಕಾಗದವೇ ಗತಿ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಈ ವಿಷಯ ಫೋನಿನಲ್ಲಿ ಹೇಳಿದ್ದರೆ ಎರಡನೇ ವಾಕ್ಯಕ್ಕೇ ನೀನು ಬಾಯಿ ಹಾಕುತ್ತಿದ್ದೆ.

ನಾನು ಬೆಲ್ಲಿ ಡ್ಯಾನ್ಸ್ ಕ್ಲಾಸಿಗೆ ಸೇರಿದ್ದೇನೆ. ಹೊಟ್ಟೆ ಕುಣಿಸುವ ಡ್ಯಾನ್ಸು. ಹೌದು, ನಲವತ್ತೊಂಬತ್ತನೇ ವಯಸ್ಸಿನಲ್ಲಿ. ಬೈಯುವುದಿದ್ದರೆ ಒಂದೇ ಕಾಗದದಲ್ಲಿ ಬೈದು ಮುಗಿಸು, ಕಂತಿನಲ್ಲಿ ಬೇಡ.

ಕಾರಣ ಇಷ್ಟು. ಗರ್ಭಕೋಶ ತೆಗೆದ ಮೇಲೆ ಡಿಪೋದವರು ನನ್ನನ್ನು ಬಸ್ಸಿನಿಂದ ಇಳಿಸಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೌಂಟರಿನಲ್ಲಿ ಕೂರಿಸಿದ್ದಾರಲ್ಲ, ಅದು ತಾತ್ಕಾಲಿಕ ಎಂದುಕೊಂಡಿದ್ದೆ. ಹೋದ ವಾರ ಮ್ಯಾನೇಜರು ಕರೆದು, ಏಪ್ರಿಲ್ ೨೧ರಂದು ದೇಹದಾರ್ಢ್ಯ ಪರೀಕ್ಷೆ ಎಂದರು. ಹಳೇ ಬಸ್ಸಿನ ಬಿಗಿ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು, ಸೀಟಿನಲ್ಲಿ ಕೂತೇ ಪೂರ್ತಿ ಹಿಂದಕ್ಕೆ ತಿರುಗಿ ನೋಡಬೇಕು, ಡಾಕ್ಟರು ಹೊಟ್ಟೆ ಒತ್ತಿದರೆ ನೋವಾಗಬಾರದು. ಪಾಸಾದರೆ ಬಸ್ಸು. ಫೇಲಾದರೆ ರಿಟೈರಾಗುವವರೆಗೆ ಕೌಂಟರು. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳು ನಾನು. ಈಗ ನಲವತ್ತಮೂರು ಕೊಡೆ, ಒಂದು ಹಲ್ಲಿನ ಸೆಟ್ಟು ಮತ್ತು ಒಂಟಿ ಚಪ್ಪಲಿಗಳನ್ನು ಕಾಯುತ್ತಿದ್ದೇನೆ. ನಿನ್ನೆ ಒಬ್ಬ ಮಹಾನುಭಾವ ಬಂದು ಎಲ್ಲಾ ಕೊಡೆಗಳನ್ನೂ ಬಿಚ್ಚಿ ನೋಡಿ, ತನ್ನದು ಇದ್ಯಾವುದೂ ಅಲ್ಲ, ಆದರೆ ಈ ನೀಲಿಯದು ಚೆನ್ನಾಗಿದೆ ಎಂದ.

ಹೊಟ್ಟೆಯ ಸ್ನಾಯು ಗಟ್ಟಿಯಾಗಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ಮೂರೇ ದಿನಕ್ಕೆ ಬೇಸರ ಬಂತು. ಚಾಪೆಯ ಮೇಲೆ ಮಲಗಿ ಚಾವಣಿಯ ಬಿರುಕು ಎಣಿಸುವುದು ಯಾರಿಗೆ ಬೇಕು. ನಮ್ಮ ಬೀದಿಯ ಲಾಂಡ್ರಿಯ ಮಹಡಿಯಲ್ಲಿ ಈ ಕ್ಲಾಸಿದೆ. ಸೋಮ, ಬುಧ, ಶುಕ್ರ ಸಂಜೆ. ನಾವು ಹನ್ನೆರಡು ಜನ ಹೆಂಗಸರು. ಟೀಚರಿಗೆ ಇಪ್ಪತ್ತಾರು ವರ್ಷ, ನನ್ನ ಲೈಸೆನ್ಸಿಗಿಂತ ಸ್ವಲ್ಪ ದೊಡ್ಡವಳು. ಸೊಂಟಕ್ಕೆ ಬಿಲ್ಲೆಗಳು ಝಣಝಣ ಎನ್ನುವ ಪಟ್ಟಿ ಕಟ್ಟುತ್ತಾರೆ. ಹೊಟ್ಟೆಯನ್ನು ಗಡಗಡ ನಡುಗಿಸುವುದು ಒಂದು ಪಾಠ, ಹಾವಿನ ಹಾಗೆ ಹೊರಳಿಸುವುದು ಇನ್ನೊಂದು. ಮೊದಲ ದಿನ ಟೀಚರು ಸೊಂಟದಲ್ಲಿ ಎಂಟು ಬರೆಯಿರಿ ಎಂದಳು. ನಾನು ನಮ್ಮ ೮ ಬರೆದೆ. ಅದು ಬಾಯಿ ಮುಚ್ಚುವುದೇ ಇಲ್ಲವಲ್ಲ, ಒಂದು ಕಡೆ ಹೋಗಿ ಅಲ್ಲೇ ನಿಂತುಬಿಟ್ಟೆ. ಅವಳು ಹೇಳಿದ್ದು ಇಂಗ್ಲಿಷಿನ ಎಂಟು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಮ್ಮ ಮನೆಯವರು, “ಬಸ್ ತಿರುಗಿಸೋಕೆ ಸ್ಟೀರಿಂಗ್ ಸಾಕು, ಸೊಂಟ ಯಾಕೆ?” ಎಂದು ಕೇಳಿದರು. ಎಲೆಕ್ಟ್ರಿಷಿಯನ್‌ನ ಬುದ್ಧಿ ವೈರಿನಷ್ಟೇ ಉದ್ದ.

ನಿನ್ನ ಕೈಬೆರಳು ನೋವು ಹೇಗಿದೆ? ಬರೆ.

ನಿನ್ನ ತಂಗಿ


ಫೆಬ್ರವರಿ ೧೬

ಗಿಡ್ಡಿಗೆ ಆಶೀರ್ವಾದಗಳು.

ಬೆರಳು ನೋವು ಹಾಗೇ ಇದೆ. ಅದಕ್ಕೇ ಮಹಡಿಯ ಮೇಷ್ಟ್ರಿಗೆ ಹೇಳಿ ಟೈಪು ಮಾಡಿಸುತ್ತಿದ್ದೇನೆ. ಪಾಪ, ರಿಟೈರಾದ ಗಣಿತದ ಮೇಷ್ಟ್ರು, ಬೇಡ ಎನ್ನಲು ಬಾರದ ಮನುಷ್ಯ.

ನಿನ್ನ ಕಾಗದದ ವಿಷಯ ತಿಳಿದು ಎರಡು ದಿನ ನನಗೆ ಊಟ ಸೇರಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು ಎಂದು ನೀನು ಬರೆದದ್ದನ್ನು ನಂಬಿ ಕೂತಿದ್ದೆ. ಈಗ ನೋಡಿದರೆ ಹೊಟ್ಟೆಗೆ ಇನ್ನೊಂದು ಚಿಕಿತ್ಸೆ. ಅದೂ ವಾರಕ್ಕೆ ಮೂರು ದಿನ. ಅದೂ ಲಾಂಡ್ರಿಯ ಮಹಡಿಯಲ್ಲಿ. ಬಟ್ಟೆ ಇಸ್ತ್ರಿ ಮಾಡುವ ಕಡೆ ಹೊಟ್ಟೆ ನೋಡುವ ಆಸ್ಪತ್ರೆಯನ್ನು ಯಾರು ತೆರೆದರು? ಚಿಕಿತ್ಸೆ ಕೊಡುವವಳಿಗೆ ಇಪ್ಪತ್ತಾರು ವರ್ಷ, ಅವಳನ್ನು ನೀವೆಲ್ಲ ಟೀಚರ್ ಎನ್ನುತ್ತೀರಿ. ಅಂದರೆ ಅವಳು ಡಾಕ್ಟರೂ ಅಲ್ಲ. ಹನ್ನೆರಡು ಜನ ಹೆಂಗಸರನ್ನು ಒಂದೇ ಕೋಣೆಯಲ್ಲಿ ಹಾವಿನ ಹಾಗೆ ಹೊರಳಲು ಬಿಟ್ಟಿದ್ದಾಳೆ. ಹೊಟ್ಟೆ ಗಡಗಡ ನಡುಗುತ್ತದೆ ಎನ್ನುತ್ತೀಯ, ಸೊಂಟಕ್ಕೆ ಪಟ್ಟಿ ಕಟ್ಟಿ ನಿಲ್ಲಿಸುತ್ತಾರೆ ಎನ್ನುತ್ತೀಯ, ಅದೇ ಕಾಗದದಲ್ಲಿ ಕೊಡೆ ನೋಡಲು ಬಂದವನ ತಮಾಷೆ. ನಿನಗೆ ಚಿಕ್ಕಂದಿನಿಂದಲೂ ಅಷ್ಟೇ, ಜ್ವರ ಬಂದರೂ ಕಿಸಕಿಸ.

ಎಂಟು ಬರೆಯಲು ಹೇಳಿದರು, ಬರೆಯಲು ಆಗಲಿಲ್ಲ ಎಂಬುದು ಇನ್ನೂ ಚಿಂತೆಯ ಮಾತು. ತಲೆಗೆ ಪೆಟ್ಟು ಬಿದ್ದವರಿಗೆ ಅಂಥ ಪರೀಕ್ಷೆ ಮಾಡುತ್ತಾರೆಂದು ನಮ್ಮ ಆರೋಗ್ಯ ಪುರವಣಿಯಲ್ಲಿ ಬಂದಿತ್ತು. ನೀನು ಎಲ್ಲಾದರೂ ಬಿದ್ದೆಯಾ?

ಕೌಂಟರಿನ ಕೆಲಸವನ್ನೇ ಖಾಯಂ ಮಾಡಿಸಿಕೋ. ಕೊಡೆಗಳು ಯಾರನ್ನೂ ಕೊಲ್ಲುವುದಿಲ್ಲ. ಹೊಟ್ಟೆಪಾಡಿಗೆ ಅಷ್ಟು ಸಾಕು.

ನಿನ್ನ ಅಕ್ಕ


ಫೆಬ್ರವರಿ ೨೫

ಅಕ್ಕನಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ‘ಚಿಕಿತ್ಸೆ’, ‘ಆಸ್ಪತ್ರೆ’ ಎಂದೆಲ್ಲ ಬರೆದಿದ್ದೀಯ. ‘ಡ್ಯಾನ್ಸು’ ಎಂಬ ಪದ ಒಮ್ಮೆಯೂ ಇಲ್ಲ. ಮೂವತ್ತೊಂದು ವರ್ಷ ದಿನಪತ್ರಿಕೆಯ ಕರಡು ತಿದ್ದಿದವಳು ನೀನು. ನನ್ನ ಮದುವೆಯ ಕರೆಯೋಲೆಯಲ್ಲೇ ಮೂರು ಕಡೆ ದೀರ್ಘ ತಪ್ಪಿದ್ದನ್ನು ಹುಡುಕಿ, ಅಚ್ಚಾದ ಇನ್ನೂರನ್ನೂ ವಾಪಸು ಕಳಿಸಿದವಳು. ಅಂಥವಳು ನನ್ನ ಕಾಗದವನ್ನು ತಪ್ಪಾಗಿ ಓದಿದಳು ಎಂದು ನಾನು ನಂಬಬೇಕೆ?

ನನಗೆ ಅರ್ಥವಾಯಿತು. ಟೈಪು ಮಾಡುವವರು ಮೇಷ್ಟ್ರು. ತಂಗಿ ಸೊಂಟ ಕುಲುಕಿಸುತ್ತಾಳೆಂದು ಅವರ ಮುಂದೆ ಬಾಯಿಬಿಟ್ಟು ಹೇಳಲು ನಿನಗೆ ನಾಚಿಕೆ. ಅದಕ್ಕೆ ಚಿಕಿತ್ಸೆ ಎಂಬ ಮುಸುಕು. ಇರಲಿ. ಆದರೆ ಮುಸುಕಿನ ಒಳಗಿಂದ ಚುಚ್ಚುವುದು ಯಾಕೆ? ತಲೆಗೆ ಪೆಟ್ಟು ಬಿದ್ದಿದೆಯಾ ಎಂದು ಕೇಳುವುದು ಯಾಕೆ? ಪ್ರತಿ ಕಾಗದದ ಕೊನೆಗೆ ನನ್ನ ಕಾಗುಣಿತದ ತಪ್ಪುಗಳ ಪಟ್ಟಿ ಹಾಕುತ್ತಿದ್ದೆಯಲ್ಲ, ಈಗ ಕೆಲವು ತಿಂಗಳಿಂದ ಅದೂ ಇಲ್ಲ. ಅಷ್ಟೊಂದು ಕೋಪ ಬಂದಿದ್ದರೆ ನೇರವಾಗಿ ಬೈ. ಬೈಸಿಕೊಂಡು ನನಗೆ ಅಭ್ಯಾಸವಿದೆ.

ಸ್ಪಷ್ಟವಾಗಿ ಬರೆಯುತ್ತೇನೆ. ನನಗೆ ಯಾವ ಕಾಯಿಲೆಯೂ ಇಲ್ಲ. ಇಲ್ಲ ಎಂದರೆ ಇಲ್ಲ. ಮೊದಲ ವಾರ ಗಾಯದ ಜಾಗ ಸೆಳೆಯುತ್ತಿತ್ತು, ಈಗ ಅದೂ ಇಲ್ಲ. ನಿನ್ನೆ ಡಿಪೋದಲ್ಲಿ ಯಾರೂ ಇಲ್ಲದಾಗ ನಿಂತಿದ್ದ ಬಸ್ಸಿನಲ್ಲಿ ಹತ್ತಿ ಕೂತು ಹಿಂದಕ್ಕೆ ತಿರುಗಿ ನೋಡಿದೆ. ಕಡೆಯ ಸೀಟಿನವರೆಗೆ ಕಂಡಿತು. ಜನವರಿಯಲ್ಲಿ ಪಕ್ಕದ ಕಿಟಕಿಯೂ ಕಾಣುತ್ತಿರಲಿಲ್ಲ.

ಕ್ಲಾಸಿನ ಬಗ್ಗೆ ಒಂದೆರಡು ಮಾತು. ನನ್ನ ಪಕ್ಕದಲ್ಲಿ ಒಬ್ಬ ಅತ್ತೆ ಮತ್ತು ಸೊಸೆ ನಿಲ್ಲುತ್ತಾರೆ. ಮನೆಯಲ್ಲಿ ಮಾತಿಲ್ಲವಂತೆ. ಇಲ್ಲಿ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ಹೊಟ್ಟೆ ನಡುಗಿಸುತ್ತಾರೆ. ಮೊನ್ನೆ ಅತ್ತೆ ನನ್ನ ಕಿವಿಯಲ್ಲಿ, “ನನ್ನ ಹೊಟ್ಟೆ ಉರಿಸ್ತಾ ಇದ್ಲು, ಈಗ ಕುಣಿಸ್ತಾ ಇದ್ದಾಳೆ ನೋಡಿ,” ಎಂದಳು.

ಏಪ್ರಿಲ್ ೧೨, ಭಾನುವಾರ, ನಮ್ಮ ಪ್ರದರ್ಶನ. ಸಮುದಾಯ ಭವನದಲ್ಲಿ, ವೇದಿಕೆಯ ಮೇಲೆ, ದೀಪದ ಕೆಳಗೆ ಎಲ್ಲರೂ ಹೊಟ್ಟೆ ತೋರಿಸಬೇಕು. ಭಯವಾಗುತ್ತಿದೆ. ನಿಜ ಹೇಳಬೇಕೆಂದರೆ ಖುಷಿಯೂ ಆಗುತ್ತಿದೆ.

ತಂಗಿ


ಮಾರ್ಚ್ ೧೧

ಗಿಡ್ಡಿಗೆ,

ಕಾಯಿಲೆ ಇಲ್ಲ, ಇಲ್ಲ ಎಂದರೆ ಇಲ್ಲ, ಎಂದು ಬರೆದಿದ್ದೀಯ. ಇರುವವರೇ ಹಾಗೆ ಹೇಳುವುದು. ಇಲ್ಲದವರಿಗೆ ಆ ಮಾತೇ ನೆನಪಾಗುವುದಿಲ್ಲ. ಗಾಯದ ಜಾಗ ಸೆಳೆಯುತ್ತಿತ್ತು ಎಂದು ನೀನೇ ಒಪ್ಪಿಕೊಂಡಿದ್ದೀಯ. ಪಕ್ಕದ ಹಾಸಿಗೆಯ ಅತ್ತೆ ಸೊಸೆ ಇಬ್ಬರಿಗೂ ಹೊಟ್ಟೆ ನಡುಗುತ್ತದೆ ಎಂದರೆ ಇದು ಅಂಟುವ ರೋಗವೂ ಇರಬಹುದು.

ಏಪ್ರಿಲ್ ೧೨ರಂದು ದೀಪದ ಕೆಳಗೆ ಹೊಟ್ಟೆ ತೋರಿಸಬೇಕಂತೆ. ಭಾನುವಾರವೂ ನೋಡುತ್ತಾರೆಂದರೆ ವಿಷಯ ಸಣ್ಣದಲ್ಲ. ಎಷ್ಟು ಜನ ಡಾಕ್ಟರುಗಳು ಸೇರುತ್ತಾರೆ? ನಿಮ್ಮ ಮನೆಯವರು ಜೊತೆಗೆ ಬರುತ್ತಾರಾ? ಇದಕ್ಕೆ ಸರಿಯಾಗಿ ಉತ್ತರ ಬರೆ. ಭಯವಾಗುತ್ತಿದೆ ಎಂದು ನೀನು ಬರೆದ ಒಂದು ಸಾಲು ಮಾತ್ರ ನನಗೆ ನಿಜ ಅನಿಸಿತು.

ಅಮ್ಮ ಹೋದಾಗ ನೀನು ಒಂಬತ್ತು ವರ್ಷದವಳು. ಅವಳೂ ಹೀಗೆ, ಏನೂ ಇಲ್ಲ, ಏನೂ ಇಲ್ಲ ಎಂದೇ ಹೋದಳು. ಆಗ ನನಗೆ ಇಪ್ಪತ್ತಮೂರು, ನಂಬಿದೆ. ಇನ್ನೊಮ್ಮೆ ನಂಬುವವಳಲ್ಲ ನಾನು. ಅದಕ್ಕೆ ಒಂದು ಕೆಲಸ ಮಾಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ಬೈಯುತ್ತೀಯ, ಗೊತ್ತು. ಬೈದರೂ ಬದುಕಿರುತ್ತೀಯಲ್ಲ, ಅಷ್ಟು ಸಾಕು.

ಅಕ್ಕ


ಮಾರ್ಚ್ ೨೬

ಅಕ್ಕನಿಗೆ,

ನೀನು ಮಾಡಿದ ಕೆಲಸ ಏನೆಂದು ಗೊತ್ತಾಯಿತು. ಸೋಮವಾರ ಮ್ಯಾನೇಜರು ಕರೆಸಿ, ನಿನ್ನ ಕಾಗದವನ್ನು ನನ್ನ ಎದುರಿಗೇ ಓದಿದರು. ಗುಮಾಸ್ತ ಇದ್ದ, ಟೈಮ್‌ಕೀಪರ್ ಇದ್ದ, ನನ್ನ ರೂಟಿನಲ್ಲಿ ಈಗ ಬಸ್ಸು ಓಡಿಸುತ್ತಿರುವ ಮೀಸೆಯೂ ಬಾಗಿಲಲ್ಲಿ ನಿಂತಿದ್ದ.

“ಏನ್ರೀ ಇದು?” ಎಂದರು ಮ್ಯಾನೇಜರು. “ಹೊಟ್ಟೆ ನಡುಗುತ್ತಂತೆ, ಹಾವಿನ ಹಾಗೆ ಹೊರಳಾಡ್ತೀರಂತೆ, ಸೊಂಟಕ್ಕೆ ಪಟ್ಟಿ ಕಟ್ಟಿ ನಿಲ್ಲಿಸಿದ್ದಾರಂತೆ. ನಿಮ್ಮ ಕೈಗೆ ಅರವತ್ತು ಜನರನ್ನ ಕೊಡಲಾ ನಾನು?”

ಸಾರ್, ಅದು ಡ್ಯಾನ್ಸು, ಎಂದೆ. ಮೀಸೆಗೆ ಕೆಮ್ಮು ಬಂತು.

“ಡ್ಯಾನ್ಸನ್ನ ಕಾಯಿಲೆ ಅಂತ ಯಾರಾದ್ರೂ ಬರೀತಾರೇನ್ರೀ? ನಿಮ್ಮಕ್ಕ ಪೇಪರ್‌ನಲ್ಲಿ ಇದ್ದವರು ಅಂತ ನೀವೇ ಹೇಳಿದ್ದೀರಿ. ಒಂದು ಅಕ್ಷರ ತಪ್ಪು ಬರೆಯೋರಲ್ಲ ಅಂತ.”

ಹೇಳಿದ್ದು ನಾನೇ. ಹೋದಲ್ಲಿ ಬಂದಲ್ಲಿ ನಿನ್ನ ಬಗ್ಗೆ ಜಂಬ ಕೊಚ್ಚಿಕೊಂಡದ್ದಕ್ಕೆ ಇದು ಬಹುಮಾನ. ನನ್ನ ಮಾತು ಸುಳ್ಳಾಯಿತು, ನಿನ್ನ ಕಾಗದ ನಿಜವಾಯಿತು. ಅವರು ಪರೀಕ್ಷೆಯನ್ನು ತಡೆಹಿಡಿದಿದ್ದಾರೆ. ಹೊಟ್ಟೆಯ ತಜ್ಞರ ಸರ್ಟಿಫಿಕೇಟು ತಂದುಕೊಟ್ಟೆ, ಸಾಲದು ಎಂದರು. ದೂರು ಬರೆದವರೇ ಬರವಣಿಗೆಯಲ್ಲಿ ಹಿಂತೆಗೆದುಕೊಳ್ಳಬೇಕಂತೆ, ಏಪ್ರಿಲ್ ೧೫ರ ಒಳಗೆ. ಇಲ್ಲದಿದ್ದರೆ ಕೌಂಟರು ಖಾಯಂ.

ನಿನ್ನ ಕಾಗದದ ನಕಲನ್ನು ನನ್ನ ಮುಂದೆ ಇಟ್ಟುಕೊಂಡಿದ್ದೇನೆ. ಎಷ್ಟು ಜಾಣತನದಿಂದ ಮಾಡಿದ್ದೀಯ. ನಾನು ಬರೆದ ಒಂದೊಂದು ವಾಕ್ಯವೂ ಇದೆ, ಕುಣಿತ ಮಾತ್ರ ಇಲ್ಲ. ಬಿಲ್ಲೆ ಕಿತ್ತು ಪಟ್ಟಿ ಉಳಿಸಿದ್ದೀಯ, ಡ್ಯಾನ್ಸು ಕಿತ್ತು ನಡುಕ ಉಳಿಸಿದ್ದೀಯ. ಇದು ಕಣ್ತಪ್ಪಲ್ಲ. ಬೇರೆ ಯಾರಾದರೂ ಆಗಿದ್ದರೆ ಕಣ್ತಪ್ಪು ಅನ್ನಬಹುದಿತ್ತು. ನಿನ್ನ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಇದು ಹೊಟ್ಟೆಕಿಚ್ಚು. ಅಮ್ಮ ಹೋದ ಮೇಲೆ ನನ್ನನ್ನು ಸಾಕಲು ನೀನು ಏನೇನು ಬಿಟ್ಟೆಯೋ ನನಗೆ ಲೆಕ್ಕ ಗೊತ್ತಿಲ್ಲ, ನೀನು ಹೇಳಿಯೂ ಇಲ್ಲ. ಅದರ ಬದಲಿಗೆ ನನ್ನ ಬಸ್ಸನ್ನು ಕೇಳಿದರೆ ನಾನು ಕೊಡುವುದಿಲ್ಲ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಇದು ತಪ್ಪಲ್ಲ.

ನನಗೆ ಉತ್ತರ ಬೇಡ. ಡಿಪೋಗೆ ಬರೆ.


ಏಪ್ರಿಲ್ ೮

ಗಿಡ್ಡಿಗೆ,

ಉತ್ತರ ಬೇಡ ಎಂದಿದ್ದೀಯ. ಆದರೂ ಬರೆಸುತ್ತಿದ್ದೇನೆ. ಬರೆಯುತ್ತಿರುವವಳು ನಮ್ಮ ಬೀದಿಯ ಔಷಧಿ ಅಂಗಡಿಯಾಕೆ. ನಾನು ಹೇಳಿದ ಒಂದು ಪದವನ್ನೂ ಬಿಡಕೂಡದು ಎಂದು ಮೊದಲೇ ಹೇಳಿದ್ದೇನೆ. ಒಂದು ನಿಮಿಷ, ಯಾರೋ ಕೆಮ್ಮಿನ ಮಾತ್ರೆ ಕೇಳುತ್ತಿದ್ದಾರೆ, ಕೊಟ್ಟು ಬಾ. ಇದನ್ನೂ ಬರೆದೆಯಾ? ಸರಿ, ಇರಲಿ ಬಿಡು. ಬಿಡುವುದಕ್ಕಿಂತ ಇರುವುದು ಮೇಲು.

ಮೊದಲು ಸತ್ಯ. ನನ್ನ ಬೆರಳಿಗೆ ನೋವಿಲ್ಲ. ಕಣ್ಣು ಹೋಗುತ್ತಿದೆ. ಹೋದ ವರ್ಷ ಮಳೆಗಾಲದಿಂದ ಪುಟದ ನಡುವೆ ಒಂದು ಬೂದು ಕಲೆ ಕೂತಿದೆ. ಅಂಚಿನ ಅಕ್ಷರ ಕಾಣುತ್ತದೆ, ನೋಡಬೇಕೆಂದ ಅಕ್ಷರ ಕಾಣುವುದಿಲ್ಲ. ನಿನ್ನ ಕಾಗದಗಳನ್ನು ನಾನು ಓದುತ್ತಿರಲಿಲ್ಲ, ಮೇಷ್ಟ್ರು ಓದಿ ಹೇಳುತ್ತಿದ್ದರು. ನಿನ್ನ ಕಾಗುಣಿತದ ಪಟ್ಟಿ ನಿಂತದ್ದು ಅದಕ್ಕೆ. ಕೋಪದಿಂದ ಅಲ್ಲ.

ಇನ್ನು ಮೇಷ್ಟ್ರು. ಹೋದ ವಾರ ನಿನ್ನ ಕೊನೆಯ ಕಾಗದ ಬಂದಾಗ ಅವರು ಮನಸ್ಸಿನಲ್ಲೇ ಓದಿಕೊಂಡು, ಮಡಿಸಿ ನನ್ನ ತೊಡೆಯ ಮೇಲೆ ಇಟ್ಟು, ತಲೆನೋವು ಎಂದು ಮಹಡಿ ಹತ್ತಿದರು. ಮೂರು ದಿನ ಇಳಿಯಲಿಲ್ಲ. ನಾನು ಗೋಡೆ ಹಿಡಿದುಕೊಂಡು ಈ ಅಂಗಡಿಗೆ ಬಂದು, ನಿನ್ನ ಎಲ್ಲಾ ಕಾಗದಗಳನ್ನೂ ಓದಿಸಿದೆ. ಈಕೆಗೆ ಮೆಲ್ಲಗೆ ಓದಲು ಬರುವುದಿಲ್ಲ. ನೀನು ಸೊಂಟದಲ್ಲಿ ಎಂಟು ಬರೆದದ್ದು ಈಗ ಸಕ್ಕರೆ ಕಾಯಿಲೆಯ ಮಾತ್ರೆಗೆ ಬಂದಿದ್ದ ನಾಲ್ಕು ಜನರಿಗೂ ಗೊತ್ತು. ಒಬ್ಬಾಕೆ ಆ ಕ್ಲಾಸು ಇಲ್ಲಿಯೂ ಇದೆಯಾ ಎಂದು ವಿಚಾರಿಸಿದಳು.

ಮೇಷ್ಟ್ರನ್ನು ಕರೆಸಿ ಕೇಳಿದೆ. ತಲೆ ಬಗ್ಗಿಸಿ ನಿಂತರು ಎಂದು ಅಂಗಡಿಯಾಕೆ ಆಮೇಲೆ ಹೇಳಿದಳು, ನನಗೆ ಧ್ವನಿ ಮಾತ್ರ ಕೇಳಿಸಿತು. “ಹೆಂಗಸರ ಸೊಂಟದ ವಿಷಯ, ಹೊಟ್ಟೆ ಕುಣಿಸೋ ವಿಷಯ, ನಿಮ್ಮ ಎದುರಿಗೆ ಕೂತು ನನ್ನ ಬಾಯಲ್ಲಿ ಹೇಗೆ ಹೇಳಲಿ, ನೀವೇ ಹೇಳಿ. ಡ್ಯಾನ್ಸ್ ಅನ್ನೋ ಕಡೆ ಚಿಕಿತ್ಸೆ ಅಂದೆ. ಉಳಿದಂತೆ ನಾನು ಸುಳ್ಳು ಸೇರಿಸಿಲ್ಲಮ್ಮ, ಕೆಲವು ಪದ, ನನ್ನ ಬಗ್ಗೆ ಇದ್ದ ಸಾಲು ಬಿಟ್ಟೆ ಅಷ್ಟೇ.”

ನಮ್ಮ ಪತ್ರಿಕೆಯಲ್ಲಿ ಅದನ್ನೇ ಸುಳ್ಳು ಅನ್ನುತ್ತಿದ್ದೆವು, ಎಂದೆ.

ಆದರೆ ಎಲ್ಲವನ್ನೂ ಅವರ ತಲೆಗೆ ಕಟ್ಟಲು ಆಗುವುದಿಲ್ಲ. ಡಿಪೋಗೆ ಕಾಗದ ಟೈಪು ಮಾಡುವಾಗ ಅವರು ಎರಡು ಸಲ, ಬೇಡವೇನೋ, ಇನ್ನೊಮ್ಮೆ ಯೋಚಿಸಿ, ಎಂದರು. ನಾನೇ ಗದರಿಸಿದೆ. ನಿನ್ನನ್ನು ಕೇಳದೆ ನಿನ್ನ ಮೇಲಧಿಕಾರಿಗೆ ಬರೆಸಿದವಳು ನಾನು. ಮೂಲ ಪ್ರತಿ ನೋಡದೆ ಒಂದು ಸಾಲನ್ನೂ ಅಚ್ಚಿಗೆ ಬಿಡದವಳು, ಬೇರೆಯವರ ಬಾಯಿ ನಂಬಿ ತಂಗಿಯ ಕೆಲಸದ ಮೇಲೆ ಕಲ್ಲು ಹಾಕಿದೆ. ಇದು ತಪ್ಪು. ಹೊಟ್ಟೆಕಿಚ್ಚು ಅಲ್ಲ. ನಿನ್ನನ್ನು ಸಾಕಲು ನಾನು ಏನನ್ನೂ ಬಿಡಲಿಲ್ಲ, ಮದುವೆ ನನಗೆ ಮೊದಲೇ ಬೇಡವಾಗಿತ್ತು. ನೀನು ಒಳ್ಳೆಯ ನೆಪವಾದೆ.

ಕಣ್ಣಿನ ವಿಷಯ ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ಹೇಳಿದರೆ ನೀನು ಬಸ್ಸು ಬಿಟ್ಟು ಇಲ್ಲಿಗೆ ಬಂದು ಕೂರುತ್ತಿದ್ದೆ. ಹಾಗೆ ಬಂದರೆ ಬಾಗಿಲು ತೆಗೆಯುವುದಿಲ್ಲ. ಈಗಲೂ ಅದೇ ಮಾತು.

ನಿಮ್ಮ ಮ್ಯಾನೇಜರಿಗೆ ಇವತ್ತೇ ಈ ಕೆಳಗಿನ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಹೋಗುತ್ತಿದೆ. ಸಹಿ ನನ್ನದೇ, ಸೊಟ್ಟಗಿದೆ.

“ತಿದ್ದುಪಡಿ. ಮಾರ್ಚ್ ೧೦ರ ನನ್ನ ಪತ್ರದಲ್ಲಿ ‘ಕಾಯಿಲೆ’ ಹಾಗೂ ‘ಚಿಕಿತ್ಸೆ’ ಎಂದು ಇರುವ ಕಡೆಗಳಲ್ಲೆಲ್ಲ ‘ಕುಣಿತ’ ಎಂದು ಓದಿಕೊಳ್ಳಬೇಕು. ‘ಪಟ್ಟಿ’ ಎಂಬುದನ್ನು ‘ಬಿಲ್ಲೆಗಳ ಪಟ್ಟಿ’ ಎಂದೂ, ‘ಹೊಟ್ಟೆ ನಡುಗುತ್ತದೆ’ ಎಂಬುದನ್ನು ‘ಹೊಟ್ಟೆಯನ್ನು ತಾನೇ ನಡುಗಿಸುತ್ತಾಳೆ’ ಎಂದೂ ಓದಿಕೊಳ್ಳಬೇಕು. ತಪ್ಪು ಸಂಪೂರ್ಣವಾಗಿ ನನ್ನದು. ನನ್ನ ತಂಗಿಗೆ ಯಾವ ರೋಗವೂ ಇಲ್ಲ. ದೃಷ್ಟಿ ಹೋಗಿರುವುದು ನನಗೆ. ನಾನು ಬಸ್ಸು ಓಡಿಸುವುದಿಲ್ಲ. ತೊಂದರೆಗಾಗಿ ವಿಷಾದಿಸುತ್ತೇನೆ.”

ನಲವತ್ತೊಂಬತ್ತನೇ ವಯಸ್ಸಿನಲ್ಲಿ ಹತ್ತು ಜನರ ಮುಂದೆ ಹೊಟ್ಟೆ ಕುಣಿಸುವುದು ನನಗೆ ಸರಿ ಕಾಣುವುದಿಲ್ಲ ಎಂಬುದು ಬೇರೆ ಮಾತು. ಆ ಜಗಳವನ್ನು ಬೇರೆಯಾಗಿ ಆಡೋಣ.

ಅಕ್ಕ


ಏಪ್ರಿಲ್ ೨೩

ಪಾಸಾದೆ.

ಅಕ್ಕ, ಅಂಗಡಿಯಾಕೆ ಓದಿ ಹೇಳುತ್ತಾಳೆಂದು ಗೊತ್ತು. ಆದರೂ ಮೇಲಿನ ಒಂದು ಪದವನ್ನು ನೀನೇ ಓದಬೇಕೆಂದು ಬಸ್ಸಿನ ಬೋರ್ಡು ಬರೆಯುವ ಬ್ರಷ್ಷಿನಿಂದ ಹಾಳೆ ತುಂಬ ಬರೆದಿದ್ದೇನೆ. ಓರೆಯಾಗಿ ಹಿಡಿದು ನೋಡು. ಮೊದಲ ಅಕ್ಷರ ಕಂಡರ ಉಳಿದದ್ದು ಊಹೆ ಮಾಡಬಹುದು.

ಕಂಡರೆ ಎಂದು ಓದಿಕೋ. ತಪ್ಪು ಈಗಲೂ ಮಾಡುತ್ತೇನೆ, ತಿದ್ದುವವರಿಲ್ಲ.

ನಿನ್ನ ತಿದ್ದುಪಡಿ ೧೩ಕ್ಕೆ ತಲುಪಿತು. ಮ್ಯಾನೇಜರು ನಿನ್ನ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಒಂದೊಂದು ಪದಕ್ಕೂ ಬೆರಳಿಟ್ಟು ಬದಲಾಯಿಸಿ ಓದಿದರು. ‘ಕುಣಿತಕ್ಕಾಗಿ ವಾರಕ್ಕೆ ಮೂರು ದಿನ ಹೋಗುತ್ತಿರುವ ಈಕೆಯ ಕೈಗೆ ಬಸ್ಸು ಕೊಡಬಾರದೆಂದು ಕಳಕಳಿಯ ಮನವಿ’ ಎಂಬಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ನನಗೆ ನಗು ಬರಲಿಲ್ಲ. ನಗುವಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ, ಸ್ವಲ್ಪ ದಿನ ಕೊಡು.

ಪ್ರದರ್ಶನವೂ ಆಯಿತು. ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಗಾಯದ ಗುರುತು ದೀಪಕ್ಕೆ ಎದ್ದು ಕಾಣುತ್ತಿತ್ತು. ಮೊದಲ ಎರಡು ನಿಮಿಷ ಅದನ್ನೇ ಎಲ್ಲರೂ ನೋಡುತ್ತಿದ್ದಾರೆ ಎನಿಸಿತು. ಆಮೇಲೆ ಹೆಜ್ಜೆ ಮರೆತುಹೋಗಿ, ಅದನ್ನು ಹುಡುಕುವ ಗಡಿಬಿಡಿಯಲ್ಲಿ ಗಾಯವೂ ಮರೆತುಹೋಯಿತು.

ಪರೀಕ್ಷೆಯ ದಿನ ಡಿಪೋದ ಡಾಕ್ಟರು ನನ್ನನ್ನು ಮಲಗಿಸಿ ಹೊಟ್ಟೆಯನ್ನು ಬೆರಳಿನಿಂದ ಒತ್ತಿದರು. ಆಮೇಲೆ ಮುಷ್ಟಿಯಿಂದ ಒತ್ತಿದರು. “ಉಸಿರು ಬಿಡಿ,” ಎಂದರು. ಬಿಟ್ಟೇ ಇದ್ದೀನಿ ಸಾರ್, ಎಂದೆ. ಸ್ಟೀರಿಂಗು ಎಷ್ಟು ಬಿಗಿ ಇತ್ತೆಂದರೆ ನನಗಿಂತ ಮುಂಚೆ ಬಂದ ಮೂವತ್ತು ವರ್ಷದ ಹುಡುಗ ಸೀಟಿನಿಂದ ಎದ್ದು ತಿರುಗಿಸಿದ್ದ. ನಾನು ಕೂತೇ ತಿರುಗಿಸಿದೆ. ಕೈಯಿಂದ ಅಲ್ಲ, ನಡುವಿನಿಂದ. ಇದನ್ನು ವಿವರಿಸಿದರೆ ನಿನಗೆ ಮತ್ತೆ ಸಿಟ್ಟು ಬರುತ್ತದೆ, ಬಿಡು. ಬಿಡುವುದಲ್ಲ, ಆಮೇಲೆ ಹೇಳುತ್ತೇನೆ.

ಎಲ್ಲಾ ಮುಗಿದ ಮೇಲೆ ಮ್ಯಾನೇಜರು ಒಳಗೆ ಕರೆದರು. ಕೂತುಕೊಳ್ಳಿ ಎಂದದ್ದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. “ನಿಮ್ಮಕ್ಕನಿಗೆ ಕಣ್ಣಿಲ್ಲ ಅಂತೀರಿ. ಕೌಂಟರಲ್ಲಾದ್ರೆ ಭಾನುವಾರ ರಜ, ಹಬ್ಬಕ್ಕೆ ರಜ, ಹೋಗಿ ಬಂದು ನೋಡ್ಕೋಬಹುದು. ಬಸ್ಸಲ್ಲಿ ಅದೆಲ್ಲ ಇರಲ್ಲ. ಯೋಚನೆ ಮಾಡಿ,” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಯೋಚನೆ ಮಾಡಿದೆ ಅಕ್ಕ. ಕ್ಯಾಂಟೀನಿನಲ್ಲಿ ಒಂದು ಗಂಟೆ ಕೂತು ಮಾಡಿದೆ. ನೀನು ಗೋಡೆ ಹಿಡಿದುಕೊಂಡು ಅಂಗಡಿಗೆ ಹೋದದ್ದು ಕಣ್ಣ ಮುಂದೆ ಬಂತು, ಮೂರು ಸಲ ಎದ್ದು ಮ್ಯಾನೇಜರ ಬಾಗಿಲವರೆಗೆ ಹೋದೆ. ಆಮೇಲೆ ಒಳಗೆ ಹೋಗಿ ಬಸ್ಸನ್ನೇ ಕೇಳಿದೆ. ನಿನಗಾಗಿ ನಾನು ಬಸ್ಸು ಬಿಟ್ಟರೆ, ನಾನು ಸಾಯುವವರೆಗೆ ಅದನ್ನು ಎತ್ತಿ ಎತ್ತಿ ಆಡುತ್ತೇನೆ, ನೀನು ಸಾಯುವವರೆಗೆ ನಾನು ಕೇಳಿದ್ದೆನಾ ಎನ್ನುತ್ತೀಯ. ನನ್ನನ್ನು ನಾನು ಬಲ್ಲೆ. ನಿನ್ನನ್ನು ಇನ್ನೂ ಚೆನ್ನಾಗಿ ಬಲ್ಲೆ.

ನನ್ನ ಹಳೇ ರೂಟನ್ನು ಮೀಸೆಗೇ ಉಳಿಸಿ, ನನಗೆ ಹದಿನೇಳನೇ ನಂಬರು ಕೊಟ್ಟಿದ್ದಾರೆ. ಹನ್ನೊಂದು ರೋಡ್ ಹಂಪು, ಎರಡು ಶಾಲೆ, ಒಂದು ಮಾರುಕಟ್ಟೆ. ಯಾರಿಗೂ ಬೇಡವಾದ ರೂಟು. ಕೆಟ್ಟ ಕೋಪ ಬಂದಿದೆ, ಆದರೂ ಸಹಿ ಹಾಕಿದೆ.

ನಾಳೆ ರಾತ್ರಿ ಇಲ್ಲಿಂದ ಹೊರಟು ಶನಿವಾರ ನಿನ್ನ ಬಾಗಿಲಿಗೆ ಬರುತ್ತೇನೆ. ಬಸ್ಸು ಬಿಟ್ಟು ಬರುತ್ತಿಲ್ಲ, ರಜ ಹಾಕಿ ಬರುತ್ತಿದ್ದೇನೆ, ಆದ್ದರಿಂದ ಬಾಗಿಲು ತೆಗೆಯಬೇಕು. ಈ ಕಾಗದ ನನಗಿಂತ ತಡವಾಗಿ ಬಂದರೆ ನಾನೇ ಓದಿ ಹೇಳುತ್ತೇನೆ. ಸೋಮವಾರ ನಿಮ್ಮೂರಿನಲ್ಲೇ ಕಣ್ಣಿನ ದೊಡ್ಡ ಡಾಕ್ಟರು. ನಮ್ಮ ಕ್ಲಾಸಿನ ಸೊಸೆ ಆ ಆಸ್ಪತ್ರೆಯ ಇಲ್ಲಿನ ಶಾಖೆಯಲ್ಲಿ ನರ್ಸು, ಅವಳೇ ಚೀಟಿ ಮಾಡಿಸಿಕೊಟ್ಟಿದ್ದಾಳೆ. ಇರುವಷ್ಟನ್ನಾದರೂ ಉಳಿಸಬಹುದಾ ಎಂದು ಕೇಳೋಣ. ಬರುವುದಿಲ್ಲ, ನನಗೇನೂ ಇಲ್ಲ ಎಂದು ನೀನು ಹಟ ಹಿಡಿಯುತ್ತೀಯ. ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ನೀನೇ ಬರೆಸಿದ್ದೀಯ.

ಹಟ ಮಾಡಲು ನಿನಗೆ ಸಿಗುವುದು ಎಂಟು ದಿನ, ಅಷ್ಟೇ. ಮೇ ೪, ಸೋಮವಾರ ಬೆಳಿಗ್ಗೆ ಐದು ನಲವತ್ತಕ್ಕೆ ಹದಿನೇಳನೇ ನಂಬರು ಹೊರಡುತ್ತದೆ, ಅದಕ್ಕೆ ನಾನು ಒಂದು ನಿಮಿಷವೂ ತಡಮಾಡುವುದಿಲ್ಲ.

ನಿನ್ನ ತಂಗಿ